ಹಿಂದಕ್ಕೂ ತಿರುಗುವ ಕುದುರೆ ತೊಟ್ಟಿಲು

ನಮ್ಮಣ್ಣ ತನಗೆ ಹೆಣ್ಣು ಕೊಡಲು ಬಂದ ಮಾವನನ್ನು ಜಾರುಬಂಡಿಯ ಮೇಲಿಂದ ಜಾರಿಸಿ ಪರೀಕ್ಷೆ ಮಾಡಿದವನು. ನಂಬುವುದಿಲ್ಲವೇ? ನಾನಾದರೂ ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ!

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯುವುದೆಂದರೆ ನನಗೆ ರೊಟ್ಟಿ ತಟ್ಟಿದಷ್ಟು ಸಲೀಸಲ್ಲ. ಆದರೂ ಅಣ್ಣನ ವಿಷಯ ಬರೆಯಲು ಕುಳಿತಿದ್ದೇನೆ. ಕಾರಣ ನನ್ನದೊಂದು ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ನಗೋಣ. ತಪ್ಪು ಒಪ್ಪಿಕೊಳ್ಳುವವರಿಗೂ ಧೈರ್ಯ ಬರಬೇಕಲ್ಲ!

ಅಣ್ಣ ಮೋರಖಂಡಿಯಲ್ಲಿ ಒಕ್ಕಲುತನ ಮಾಡುತ್ತಾನೆ. ನನ್ನನ್ನು ಕೊಟ್ಟದ್ದು ಹುಮನಾಬಾದಿಗೆ. ಆಗ ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಸಾವ್ಕಾರರು ಮಕ್ಕಳಿಗಾಗಿ ಆಟದ ಬಾಗೊಂದನ್ನು, ಅಂದರೆ ತೋಟವೊಂದನ್ನು, ಮಾಡಿದ್ದರು. ಕಬ್ಬಿಣದ ಜಾರುಬಂಡಿ, ನಾಲ್ಕು ಉಯ್ಯಾಲೆ, ದಪ್ಪಗಿದ್ದವರನ್ನು ತೆಳ್ಳಗೆ ತೋರಿಸುವ ಕನ್ನಡಿಗಳ ಕೋಣೆ, ಸಿಮೆಂಟಿನ ಒಂದು ಒಂಟೆ. ಎಲ್ಲಕ್ಕಿಂತ ದೊಡ್ಡದು ಕುದುರೆ ತೊಟ್ಟಿಲು: ನಡುವೆ ಕಂಬ, ಸುತ್ತಲೂ ಹನ್ನೆರಡು ಕಟ್ಟಿಗೆಯ ಕುದುರೆಗಳು. ಇಬ್ಬರು ಆಳುಗಳು ದೂಡಿದರೆ ಗಿರಗಿರ ತಿರುಗುತ್ತಿತ್ತು. ಅದರ ಗೇಟಿನಲ್ಲಿ ಟಿಕೀಟು ಹರಿಯುವ ಕೆಲಸ ನನ್ನ ಗಂಡನದು.

ಆ ಬಾಗೆಂದರೆ ಅಣ್ಣನಿಗೆ ಜೀವ. ರವಿವಾರ ಬಂತೆಂದರೆ ಬಸ್ಸು ಹಿಡಿದು ಬರುತ್ತಿದ್ದ. ತಂಗಿಯನ್ನು ನೋಡುವುದಕ್ಕೆ ಎಂದು ಹೇಳುತ್ತಿದ್ದ. ತಂಗಿ ಸಿಗುತ್ತಿದ್ದದ್ದು ಉಯ್ಯಾಲೆ, ಜಾರುಬಂಡಿ, ಒಂಟೆ ಎಲ್ಲ ಮುಗಿದ ಮೇಲೆ! ಆರು ಅಡಿ ಎತ್ತರದ ಗಂಡಸು, ತಲೆಗೆ ರುಮಾಲು, ಕೈಯಲ್ಲಿ ಟಿಕೀಟು ಹಿಡಿದು ಮಕ್ಕಳ ಸಾಲಿನಲ್ಲಿ ನಿಂತಿರುತ್ತಿದ್ದ. ನೆರೆಮನೆಯವರು "ಅವರು ನಿಮ್ಮಣ್ಣಾರೇನ್ರಿ?" ಎಂದರೆ ನಾನು ಒಲೆಯ ಕಡೆ ಮುಖ ತಿರುಗಿಸಿ ಊದತೊಡಗುತ್ತಿದ್ದೆ. ಒಲೆ ಚೆನ್ನಾಗಿಯೇ ಉರಿಯುತ್ತಿರುತ್ತಿತ್ತು.

ಮದುವೆಯ ಮಾತುಕತೆ ನಡೆದದ್ದೂ ಅಲ್ಲಿಯೇ. ಕಲ್ಯಾಣದಿಂದ ಹೆಣ್ಣಿನ ಕಡೆಯವರು ಮಾಣಿಕನಗರಕ್ಕೆ ದರ್ಶನಕ್ಕೆ ಬಂದಿದ್ದರು. "ಮಾತು ಬಾಗಿನಾಗ ಆಗಲಿ" ಎಂದ ಅಣ್ಣ. ಹೆಣ್ಣಿನ ತಂದೆ ಒಳ್ಳೆ ಮೈಕಟ್ಟಿನವರು. ಭಿಡೆಗೆ ಬಿದ್ದು ಜಾರುಬಂಡಿ ಹತ್ತಿದರು, ಕುಳಿತರು, ಅರ್ಧ ದಾರಿಗೆ ಬಂದು ಸಿಕ್ಕಿಬಿದ್ದರು! ಕೆಳಗಿನಿಂದ ಅಣ್ಣ ಕೈ ಚಾಚಿ ಕೂಗಿದ:

"ಅಂಜಬ್ಯಾಡ್ರಿ ಮಾವಾರ! ಉಸಿರ ಬಿಡ್ರಿ, ತಾನs ಜಾರ್ತದ!"

ಮೂವರು ಎಳೆದು ಅವರನ್ನು ಇಳಿಸಿಕೊಂಡ ಮೇಲೆ ಅಣ್ಣ ಮಾಡಿದ್ದೇನು ಗೊತ್ತೇ? ಕ್ಷಮೆ ಕೇಳಲಿಲ್ಲ. ಗೇಣು ಹಾಕಿ ಜಾರುಬಂಡಿಯ ಅಗಲ ಅಳೆದ. "ಒಂದೂವರೆ ಗೇಣು ಹೆಚ್ಚ ಬೇಕು. ಸಾವ್ಕಾರಗ ಹೇಳ್ತೀನಿ" ಎಂದ. ಮಾವನಾಗಬೇಕಾದವರು ಸಿಟ್ಟಿನಿಂದ ಧೋತರ ಕೊಡವಿ, "ಈ ಹುಡುಗಗ ಬಿಲ್ಕುಲ್ ಕೊಡಂಗಿಲ್ಲ" ಎಂದರು. ಅಷ್ಟರಲ್ಲಿ ಕನ್ನಡಿಗಳ ಕೋಣೆಯಿಂದ ಹುಡುಗಿ ನಗುತ್ತ ನಗುತ್ತ ಹೊರಗೆ ಬಂದಳು. ಕಣ್ಣೊರೆಸಿಕೊಂಡು, "ಅಪ್ಪಾ, ನಾ ಇವರ ಮನಿಗೇ ಹೋಗ್ತೀನಿ" ಎಂದುಬಿಟ್ಟಳು. ಈಗ ಅವಳೇ ನಮ್ಮ ವೈನಿ!

ಬಾಗಿನ ಎದುರಿಗೆ ಒಂದು ಚಹಾದ ಹೋಟೆಲು. ಬಾಗಿನ ಅಭಿಮಾನಿಗಳೆಲ್ಲ ಅಲ್ಲಿಯೇ ಸೇರುತ್ತಿದ್ದರು. ಒಬ್ಬರು ಪಿಂಚಣಿ ಮಾಸ್ತರು, ಒಬ್ಬ ದರ್ಜಿ, ಮತ್ತೆ ಕೆಲಸವಿಲ್ಲದ ಐದಾರು ಜನ. ಸಾವ್ಕಾರರು ಬಾಗನ್ನು ಹೇಗೆ ಸುಧಾರಿಸಬೇಕು, ಎಲ್ಲಿ ರೊಕ್ಕ ಹಾಕಬೇಕು ಎಂಬುದು ಅವರ ವಾದ. ನನ್ನ ಗಂಡ ಮನೆಗೆ ಬಂದು ಅದನ್ನೆಲ್ಲ ಆಡಿ ತೋರಿಸುತ್ತಿದ್ದರು.

"ಸುತ್ತ ಹಳಿ ಹಾಕಿ ಒಂದು ಸಣ್ಣ ರೈಲು ಬಿಡಬೇಕ್ರಿ" ಎಂದು ಮಾಸ್ತರು.

"ರೈಲು ಯಾಕ್ರೀ ಮಾಸ್ತರ? ಹುಲಿ ತರಲಿ. ಹುಲಿ ಬಂದ್ರ ಕಲ್ಯಾಣದ ಮಂದಿ ಪೂರಾ ಇಲ್ಲೇ!" ಎಂದು ದರ್ಜಿ.

"ಹುಲಿಗಿ ಊಟ ಯಾರು ಹಾಕ್ತಾರ?"

"ಅದನ್ನ ಸಾವ್ಕಾರ ನೋಡ್ಕೋತಾರ ಬಿಡ್ರಿ!"

ಎಲ್ಲ ಸಲಹೆಗಳೂ ಕೊನೆಗೆ ಇದೇ ಮಾತಿಗೆ ಬಂದು ನಿಲ್ಲುತ್ತಿದ್ದವು. ಇವರಲ್ಲಿ ಒಬ್ಬರಾದರೂ ಟಿಕೀಟು ತೆಗೆದು ಒಳಗೆ ಹೋದವರಲ್ಲ. ಹೋಟೆಲಿನ ಬೆಂಚಿನ ಮೇಲಿಂದ ಎಲ್ಲ ಕಾಣುತ್ತದಲ್ಲ!

ಅಣ್ಣನ ಸಲಹೆಗಳೇ ಬೇರೆ. ಮೊಮ್ಮಕ್ಕಳನ್ನು ಕರೆತಂದ ಮುದುಕಿಯರಿಗೆ ಕೂಡ್ರಲು ಒಂದು ಕಟ್ಟೆ. ಕುಡಿಯಲು ಒಂದು ಹರವಿ ನೀರು. ಕನ್ನಡಿಗಳನ್ನು ಒಂದು ಮೊಳ ಕೆಳಗಿಳಿಸಬೇಕು, ಯಾಕೆಂದರೆ ಸಣ್ಣ ಮಕ್ಕಳಿಗೆ ಅದರಲ್ಲಿ ತಮ್ಮ ನೆತ್ತಿಯಷ್ಟೇ ಕಾಣುತ್ತದೆ. ಇಷ್ಟು ಅಗ್ಗದ ಮಾತನ್ನು ಯಾರು ಕೇಳುತ್ತಾರೆ? ಅವನು ಬಾಯಿ ತೆರೆದರೆ ದರ್ಜಿ, "ಏ ಮೋರಖಂಡಿ, ಚಹಾ ಆರಾಕತ್ತದ, ಕುಡಿ" ಎನ್ನುತ್ತಿದ್ದ. ಸಾವ್ಕಾರರಂತೂ ಆರು ವರ್ಷದಿಂದ "ನೋಡೋಣು" ಎನ್ನುತ್ತಲೇ ಇದ್ದರು. "ತಂಗೆವ್ವ, ಒಂದs ಒಂದು ಮಾತು ಅವರು ತಗೊಂಡ್ರ ಸಾಕು ನೋಡು" ಎಂದು ಅಣ್ಣ ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳುತ್ತಿದ್ದ. ನಾನು ನಗುತ್ತಿದ್ದೆ.

ಹೀಗಿರುವಾಗ ತೊಟ್ಟಿಲು ದೂಡುವ ಆಳುಗಳಲ್ಲಿ ಒಬ್ಬ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದ. ಇನ್ನೊಬ್ಬನ ಸೊಂಟ ಹಿಡಿಯಿತು. ಕುದುರೆಗಳು ನಿಂತವು. ಕುದುರೆಗಳು ನಿಂತದ್ದೇ ಮಕ್ಕಳು ಬರುವುದೂ ನಿಂತಿತು. ದೀಪಾವಳಿಯ ತನಕ ನೋಡಿ ಬಾಗು ಬಂದ್ ಮಾಡುತ್ತೇನೆ, ಆ ಜಾಗ ಹತ್ತಿಯ ಗೋದಾಮಿಗೆ ಕೊಡುತ್ತೇನೆ ಎಂದರು ಸಾವ್ಕಾರರು. ನನ್ನ ಗಂಡನ ಮುಖ ಬಾಡಿತು. ಹೋಟೆಲಿನವರು ಹೈದರಾಬಾದಿನಿಂದ ದೊಡ್ಡ ಮೋಟರು ತರಿಸಬೇಕೆಂದು ವಾದಿಸಿದರು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ!

ಆ ರವಿವಾರ ಅಣ್ಣ ಹೋಟೆಲಿಗೆ ಹೋಗದೆ ನೇರವಾಗಿ ಮನೆಗೆ ಬಂದ. ಊಟದ ತಾಟಿನ ನಡುವೆ ಬೆಲ್ಲದ ಹೆಂಟೆ ಇಟ್ಟು, ಸುತ್ತ ರೊಟ್ಟಿಯ ಚೂರು ಜೋಡಿಸಿದ.

"ನೋಡು ತಂಗಿ, ಇದು ಕಂಬ, ಇವು ಕುದುರಿ. ಈಗ ಎಲ್ಲಾರ ಬಾವಿಗೂ ಪಂಪ ಬಂದಾವ. ಎತ್ತುಗೋಳು ಬರೇ ಕೂತು ಮೇಯಾಕತ್ತಾವ. ಒಂದು ಜೋಡಿ ಹೂಡಿದ್ರ ತೊಟ್ಟಿಲ ತಿರಗಂಗಿಲ್ಲೇನು?"

ನನ್ನ ಗಂಡ ನಕ್ಕರು. "ಭಾವಾ, ಸಗಣಿ ಯಾರು ಬಳೀಬೇಕು? ಮಾಸ್ತರಾ?"

ನಾನೂ ನಕ್ಕೆ. ಅಣ್ಣ ಕುದುರೆಗಳನ್ನು ಒಂದೊಂದಾಗಿ ತಿಂದು, ಕೈ ತೊಳೆದು ಎದ್ದ.

ಮರುದಿನ ಸಾವ್ಕಾರರ ಮನೆಗೆ ಶ್ಯಾವಿಗೆ ಹೊಸೆಯಲು ಹೋಗಿದ್ದೆ. ಸಾವ್ಕಾರ್ತಿ ಬಾಗಿನ ಮಾತು ತೆಗೆದು ನಿಟ್ಟುಸಿರು ಬಿಟ್ಟರು. ನನ್ನ ಬಾಯಿ ತಾನಾಗಿ ತೆರೆಯಿತು. ಕಂಬ, ಪಂಪು, ಬರಿದೇ ಮೇಯುವ ಎತ್ತು, ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಿ, "ಇದು ಯಾರ ತಲೀದಬೇ?" ಎಂದರು.

"ನಮ್ಮ ಮನಿಯವರದ್ರಿ" ಎಂದೆ.

ಇದೇ ನನ್ನ ತಪ್ಪು. ಅಣ್ಣನ ಹೆಸರು ಹೇಳಿದ್ದರೆ ಅವರು ನಕ್ಕು ಬಿಟ್ಟುಬಿಡುತ್ತಿದ್ದರು, ಗಂಡನ ಕೆಲಸ ಉಳಿಯಬೇಕಿತ್ತು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಅರ್ಧ ಖರೆ. ಜಾರುಬಂಡಿಯ ಸಾಲಿನಲ್ಲಿ ನಿಲ್ಲುವವನ ತಂಗಿ ಎನಿಸಿಕೊಳ್ಳುವುದಕ್ಕಿಂತ ಬುದ್ಧಿವಂತನ ಹೆಂಡತಿ ಎನಿಸಿಕೊಳ್ಳುವ ಆಸೆಯಿತ್ತು ನನಗೆ. ಉಳಿದರ್ಧ ಅದು.

ಎರಡೇ ದಿನದಲ್ಲಿ ಸಾವ್ಕಾರರು ಒಪ್ಪಿದರು. ನನ್ನ ಗಂಡ ಮನೆಗೆ ಬಂದು, "ಇದು ಭಾವ ಹೇಳಿದ್ದಲ್ಲೇನ?" ಎಂದರು. "ಸುಮ್ನಿರ್ರಿ, ಕೆಲಸ ಉಳೀತು" ಎಂದೆ. ಎತ್ತು ಬೇಕೆಂದು ಹೇಳಿಕಳಿಸಿದಾಗ ಯಾರು ತಂದರು? ಅಣ್ಣನೇ! ತನ್ನ ಜೋಡಿಯನ್ನೇ ಮೋರಖಂಡಿಯಿಂದ ಎರಡು ದಿನ ನಡೆಸಿಕೊಂಡು ಬಂದ. ಕೊಂಬಿಗೆ ಬಣ್ಣ ಬೇರೆ ಬಳಿದಿದ್ದ.

ಊರೆಲ್ಲ ಸೇರಿತ್ತು. ಮಕ್ಕಳು ಕುದುರೆ ಹತ್ತಿದರು. ಅಣ್ಣ "ಹೋ" ಎಂದ. ಎತ್ತುಗಳು ಹೊರಟವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನೆಂಟು ಹೆಜ್ಜೆ ಹೋದವು. ಗಪ್ಪನೆ ನಿಂತವು! ಅಣ್ಣ ಹೊಡೆದ, ಮೈ ಸವರಿದ, ಅಂಗಲಾಚಿದ. ಊಹೂಂ! ಸಾವ್ಕಾರರ ಮುಖ ಕೆಂಪಾಯಿತು. ಅಷ್ಟರಲ್ಲಿ ಹೋಟೆಲಿನವನು ತೊಳೆದ ನೀರಿನ ಬಕೀಟನ್ನು ಗೋಡೆಯಾಚೆಗೆ ದಬದಬನೆ ಸುರಿದ. ನೀರಿನ ಸಪ್ಪಳ ಕೇಳಿದ್ದೇ ತಡ, ಎರಡೂ ಎತ್ತು ಒಂದೇ ಸಮನೆ ಹಿಂದೆ ಹಿಂದೆ ನಡೆಯತೊಡಗಿದವು!

ಆಗ ಅಣ್ಣ ಹಣೆ ಬಡಿದುಕೊಂಡ. ಹುಟ್ಟಿದಾಗಿನಿಂದ ಮೋಟ ಎಳೆದ ಎತ್ತು ಅವು! ಬಾವಿಯಿಂದ ತೊಗಲಿನ ಚೀಲದಲ್ಲಿ ನೀರೆತ್ತುವುದಕ್ಕೆ ನಮ್ಮ ಕಡೆ ಮೋಟ ಎನ್ನುತ್ತೇವೆ. ಎತ್ತು ಇಳಿಜಾರಿನಲ್ಲಿ ಹದಿನೆಂಟು ಹೆಜ್ಜೆ ಮುಂದೆ ನಡೆದರೆ ಚೀಲ ಮೇಲೆ ಬರುತ್ತದೆ, ನೀರು ಸುರಿಯುತ್ತದೆ. ಆ ಸಪ್ಪಳ ಕೇಳಿ ಎತ್ತು ಹಿಂದೆ ಹಿಂದೆ ಬರುತ್ತದೆ. ನೀರು ಸುರಿಯುವ ತನಕ ಅವು ಕದಲುವುದಾದರೂ ಹೇಗೆ? ಒಕ್ಕಲಿಗರೇ ತುಂಬಿದ್ದ ಆ ಜಾತ್ರೆಯಂಥ ಮಂದಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ!

"ಬಿಚ್ಚೋ ಎತ್ತು!" ಎಂದು ಸಾವ್ಕಾರರು ಗುಡುಗಿದರು. ಆದರೆ ಅವರ ಮಾತು ಯಾರಿಗೂ ಕೇಳಿಸಲಿಲ್ಲ. ಕುದುರೆಗಳ ಮೇಲೆ ಮಕ್ಕಳು ಕೇಕೆ ಹಾಕುತ್ತಿದ್ದರು. ಹಿಂದಕ್ಕೆ ಓಡುವ ಕುದುರೆಯನ್ನು ಯಾವ ಮಗು ನೋಡಿತ್ತು? "ಇನ್ನೊಮ್ಮಿ! ನೀರ ಹಾಕ್ರಿ, ನೀರ!" ಎಂದು ಒಂದೇ ಗದ್ದಲ. ಆಮೇಲೆ ಅಲ್ಲೊಂದು ತಗಡಿನ ಡಬ್ಬಿ, ಒಂದು ಕೊಡ ಇಟ್ಟರು. ಸರದಿಯ ಪ್ರಕಾರ ಮಕ್ಕಳೇ ನೀರು ಸುರಿಯುವುದು. ಕುದುರೆ ಹತ್ತುವುದಕ್ಕಿಂತ ನೀರು ಸುರಿಯುವುದಕ್ಕೇ ಜಗಳ! ಕಲ್ಯಾಣದಿಂದ ಬಸ್ಸು ತುಂಬಿ ಜನ ಬಂದರು, ಹುಲಿಯಿಲ್ಲದೆಯೇ.

ದೀಪಾವಳಿಯ ದಿನ ಬಾಗಿನಲ್ಲಿ ಸಾವ್ಕಾರರು ನನ್ನ ಗಂಡನಿಗೆ ಶಾಲು ಹೊದಿಸಿದರು. "ಇದೆಲ್ಲ ಇವರ ತಲಿ" ಎಂದರು. ಗಂಡ ನನ್ನ ಮುಖ ನೋಡಿದರು. ನಾನು ನನ್ನ ಕಾಲುಂಗುರ ನೋಡಿದೆ. ಎತ್ತಿನ ಹಗ್ಗ ಹಿಡಿದು ನಿಂತಿದ್ದ ಅಣ್ಣ, ಹಗ್ಗವನ್ನು ಕಂಕುಳಲ್ಲಿ ಇರುಕಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಎರಡು ವರ್ಷ ಸುಮ್ಮನಿದ್ದೆ. ಎರಡು ವರ್ಷ! ಅಣ್ಣ ಬರುತ್ತಿದ್ದ, ಉಣ್ಣುತ್ತಿದ್ದ, ಆದರೆ ಬಾಗಿಗೆ ಏನು ಬೇಕೆಂದು ಹೇಳುವುದನ್ನೇ ಬಿಟ್ಟಿದ್ದ. ಅಡುಗೆಮನೆಯ ಆ ಮೌನ ನನಗೆ ತಡೆಯಲಾಗಲಿಲ್ಲ. ಒಂದು ದಿನ ಮೋರಖಂಡಿಗೆ ಹೋದೆ. ಅವನು ಹೊಲದಲ್ಲಿ ತೊಗರಿಯ ಸಾಲಿನಲ್ಲಿ ಕಳೆ ಕೀಳುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿ ಅತ್ತೆ.

"ಗೊತ್ತದ ತಂಗಿ. ಆ ಮಾತು ನಿಮ್ಮ ಮನಿ ಬಿಟ್ಟು ಎಲ್ಲೂ ಆಡಿರಲಿಲ್ಲ ನಾ" ಎಂದ. ತುಸು ಹೊತ್ತು ಕಳೆ ಕಿತ್ತ. "ನೀ ನಗಾಕತ್ತಿದ್ದಿ, ಕೇಳಾಕತ್ತಿಲ್ಲ ಅಂದ್ಕೊಂಡಿದ್ದೆ. ಒಂದು ಮಾತು ಬಿಡದ ಸಾವ್ಕಾರ್ತಿಗಿ ಹೇಳೀದಿ. ಅಷ್ಟು ಚೆಂದ ನನ್ನ ಮಾತು ಯಾರು ಕೇಳ್ಯಾರ ಹೇಳು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ರವಿವಾರ ನಾನು ಸೆರಗು ಹೊದ್ದುಕೊಂಡು ಆ ಹೋಟೆಲಿನ ಮೆಟ್ಟಿಲು ಹತ್ತಿದೆ. ಹೆಂಗಸರು ಅದನ್ನು ಹತ್ತಿದ್ದು ಅದೇ ಮೊದಲು. ನನ್ನ ಹಿಂದೆ ಗಂಡ. ಅಣ್ಣ ಮೂಲೆಯಲ್ಲಿ ಚಹಾ ಆರಿಸುತ್ತಿದ್ದ. "ಎತ್ತು ಹೂಡ್ರಿ ಅಂದಂವ ನಮ್ಮಣ್ಣ. ಹೆಸರು ಬದಲಿ ಹೇಳ್ದಾಕಿ ನಾನು" ಎಂದೆ. ಮಾಸ್ತರು ಬೆಂಚಿನ ಮೇಲೆ ಸರಿದು ಜಾಗ ಮಾಡಿ, ಅಣ್ಣನಿಗೆ "ಇಲ್ಲಿ ಬರ್ರಿ. ಮುಂದ ಬಾಗಿಗಿ ಏನ್ ಮಾಡಬೇಕಂತೀರಿ, ನೀವೇ ಹೇಳ್ರಿ" ಎಂದರು.

ಅಣ್ಣ ಬಂದು ಕುಳಿತ. ಬಾಯಿ ತೆರೆದ. ಆರು ವರ್ಷ ಎಡೆಬಿಡದೆ ಮಾತಾಡಿದವನಿಗೆ ಅವತ್ತು ಒಂದು ಶಬ್ದವೂ ಹೊರಡಲಿಲ್ಲ. ರುಮಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಎಲ್ಲರೂ ಚಹಾ ಕೆಳಗಿಟ್ಟು, ಅವನು ಹೇಳಲಿ ಎಂದು ಕಾಯುತ್ತ ಕುಳಿತಿದ್ದರು.