ಬ್ಯಾರನ್ ಬಾಗಿಲಿನ ವಿದೇಶಾಂಗ ನೀತಿ

ದೇಶದ ವಿದೇಶಾಂಗ ನೀತಿ ದೆಹಲಿಯಲ್ಲಿ ತಯಾರಾಗುತ್ತದೆಂದು ನೀವು ನಂಬಿದ್ದರೆ ಅದು ನಿಮ್ಮ ತಪ್ಪಲ್ಲ. ನೀವು ನನ್ನ ಬಾಮೈದನನ್ನು ನೋಡಿಲ್ಲ. ಅದು ತಯಾರಾಗುವುದು ಪಿರಿಯಾಪಟ್ಟಣದ ಹತ್ತಿರ, ಅವನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ.

ನನ್ನ ಮಗಳು ಪಶ್ಚಿಮ ಏಷ್ಯಾದ ಒಂದು ಆಸ್ಪತ್ರೆಗೆ ನರ್ಸಾಗಿ ಹೋದ ದಿನವೇ ಇವನು ಈ ಖಾತೆ ವಹಿಸಿಕೊಂಡ. ಅಲ್ಲಿ ಎಲ್ಲೇ ಬಾಂಬು ಬೀಳಲಿ, ಒಲೆಗೆ ಸೌದೆ ತಳ್ಳುತ್ತಾ ತೀರ್ಪು ಕೊಡುತ್ತಾನೆ.

"ನೋಡಿ ಭಾವ, ಸೊಪ್ಪು ಹಳದಿಗೆ ತಿರುಗೋಕ್ ಮುಂಚೆ ಉರಿ ಜಾಸ್ತಿ ಮಾಡಿದ್ರೆ ಕರಕಾಯ್ತದೆ. ಉರಿ ಆರಿಸಿ ಎದ್ದೋದ್ರೆ ಕೊಳೀತದೆ. ನಮ್ ದೇಶ ಅಲ್ಲಿ ಎರಡೂ ಮಾಡಬಾರದು. ಒಲೆ ಮುಂದೆ ಕೂತಿರ್ಬೇಕು."

"ಯಾರ ಪರ ಕೂತಿರ್ಬೇಕ್ಲಾ?"

"ಸೊಪ್ಪಿನ ಪರ."

ಈ ನೀತಿಯನ್ನು ಅವನು ಊರಲ್ಲೂ ಪ್ರಯೋಗಿಸಿದ. ಬದುವಿಗಾಗಿ ಜಗಳವಾಡುತ್ತಿದ್ದ ಅಣ್ಣತಮ್ಮಂದಿರ ಮನೆಗಳಲ್ಲಿ ದಿನಾ ತಪ್ಪದೆ ಕಾಫಿ ಕುಡಿದು, ಇಬ್ಬರಿಗೂ ಬುದ್ಧಿ ಹೇಳಿದ. ಕೊನೆಗೆ ಇಬ್ಬರೂ ಒಂದಾದರು, ಇವನಿಗೆ ಕಾಫಿ ನಿಲ್ಲಿಸುವುದಕ್ಕೆ. "ಶಾಂತಿ ಬಂತಲ್ಲ ಭಾವ" ಎಂದ!

ಮೊನ್ನೆ ಮಗಳಿರುವ ದೇಶದಲ್ಲಿ ಮತ್ತೆ ಗಲಾಟೆ ಹೊತ್ತಿಕೊಂಡಿತು. ಎರಡು ದಿನ ಮಗಳ ಫೋನಿಲ್ಲ. ನಮ್ಮ ರಾಯಭಾರ ಕಚೇರಿಯನ್ನೂ ಮುಚ್ಚುತ್ತಾರಂತೆ ಎಂದು ಟೀವಿಯವರು ಶುರುಮಾಡಿದರು. ನಾನು ಹೆದರಿದೆನೇ? ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ನನ್ನಿಂದ ತಮಾಷೆಗೆ ಟೋಪಿ ಹಾಕಿಸಿಕೊಳ್ಳದವರಿಲ್ಲ. ನಾನು ಹೆದರುವ ಕುಳವಲ್ಲ. ಪಕ್ಕದ ಮನೆಯವರ ಫೋನು ತಂದು, ಮೂಗು ಹಿಡಿದುಕೊಂಡು, ಬಾಮೈದನಿಗೇ ಫೋನು ಮಾಡಿದೆ.

"ದೆಹಲಿಯಿಂದ ಮಾತಾಡ್ತಾ ಇದ್ದೀವಿ. ಅಲ್ಲಿ ರಾಯಭಾರ ಕಚೇರಿ ಮುಚ್ಚಬೇಕೋ ಬೇಡವೋ, ತಮ್ಮ ಸಲಹೆ ಬೇಕಿತ್ತು."

ಬೇರೆಯವನಾದರೆ ಬೆವರುತ್ತಿದ್ದ. ಇವನು "ಇರಿ, ಸೌದೆ ಹಾಕ್ ಬತ್ತೀನಿ" ಎಂದು ದೆಹಲಿಯನ್ನೇ ಕಾಯಿಸಿದ. ಆಮೇಲೆ ಹೇಳಿದ:

"ಮುಚ್ಚಬ್ಯಾಡಿ ಸಾರ್. ಒಬ್ರಾದ್ರೂ ಬಾಗ್ಲು ತೆಕ್ಕೊಂಡ್ ಕೂತಿರ್ಲಿ. ನಮ್ಮಕ್ಕನ ಮಗಳು ಅಲ್ಲವ್ಳೆ. ಅವಳು ಗಟ್ಟಿಗಿತ್ತಿ, ಎಂಗೋ ಇರ್ತಾಳೆ. ಅವಳಪ್ಪಂದೇ ಕಷ್ಟ. ಊರೆಲ್ಲಾ ನಗಿಸ್ಕಂಡ್ ತಿರುಗ್ತಾರೆ, ಸ್ನಾನಕ್ಕೋದ್ರೂ ಫೋನ್ ಬುಟ್ಟೋಗಲ್ಲ."

ದೆಹಲಿ ಮೂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

"ಮೂಗು ಬುಡಿ ಭಾವ, ಉಸಿರು ಕಟ್ತದೆ. ಇಲ್ಲಿಗೇ ಬನ್ನಿ, ಇಬ್ರೂ ಕಾಯ್ವ."

ಹೋಗಿ ಕೂತೆ. ಸಂಜೆ ಹೊತ್ತಿಗೆ ಮಗಳ ಫೋನು ಬಂತು. ಅಲ್ಲಿಯವರೆಗೆ, ಕೈ ಸುಮ್ಮನಿರದೆ ನಾನು ಒಲೆಗೆ ತುಂಬಿದ ಹೆಚ್ಚಿನ ಸೌದೆಯನ್ನೆಲ್ಲ ಅವನು ಹೊರಗೆಳೆಯುತ್ತಲೇ ಇದ್ದ.