ಹುಲ್ಲು ಸಾಕಿದ ಮಾವ

ಕಾಪುವಿನಲ್ಲಿರುವ ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಅತ್ತೆ ಇದ್ದಾರೆ! ನಾನು ಹೇಳುವುದು ಇಷ್ಟೇ: ನಮ್ಮೂರಿನವರೆಲ್ಲ ಮಳೆ ಬಿಟ್ಟ ಕೂಡಲೇ ಹಾರೆ ಗುದ್ದಲಿ ಹಿಡಿದು ಅಂಗಳದ ಹುಲ್ಲು ಕೆತ್ತಿ ಬಿಸಾಡುತ್ತಾರೆ, ನನ್ನ ಮಾವ ದುಡ್ಡು ಕೊಟ್ಟು ಹುಲ್ಲು ತಂದು ಅಂಗಳಕ್ಕೆ ಹಾಸುತ್ತಾರೆ.

ಈ ಹುಚ್ಚು ಹಿಡಿದದ್ದು ದುಬೈಯಲ್ಲಿ ಕೆಲಸಕ್ಕಿದ್ದಾಗ. "ಅಲ್ಲಿ ಮರಳಲ್ಲಿ ಹುಲ್ಲು ಬೆಳೆಸ್ತಾರೆ ಮಾರಾಯ್ತಿ! ನಮ್ಮಲ್ಲಿ ಬೆಳೀಲಿಕ್ಕೆ ಎಂತ ಕಷ್ಟ?" ಎಂದು ಊರಿಗೆ ಬಂದವರೇ ಹುಲ್ಲು ಹಾಸಿದರು. ಬೆಳೆಯಿತು, ಸುಳ್ಳು ಹೇಳಬಾರದು. ಆದರೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಮೀನು ತರುವ ಹೆಂಗಸು ಕಂಪೌಂಡ್ ಗೋಡೆಗೆ ಬೆನ್ನು ಉಜ್ಜಿಕೊಂಡೇ ಬಾಗಿಲಿಗೆ ಬರಬೇಕು. ಶಿವರಾತ್ರಿ ಕಳೆದು ಬಿಸಿಲೇರಿ ಬಾವಿಯ ತಳ ಕಾಣತೊಡಗಿದರೆ ಅತ್ತೆಗೂ ಹುಲ್ಲಿಗೂ ನೀರಿನ ಜಗಳ. "ನಾನು ಸ್ನಾನ ಮಾಡೂದಾ, ನಿಮ್ಮ ಹುಲ್ಲು ಮಾಡೂದಾ?" ಎಂದು ಅತ್ತೆ ಕೇಳಿದರೆ ಮಾವ ನಿಜಕ್ಕೂ ಯೋಚನೆಗೆ ಬೀಳುತ್ತಾರೆ! ಬಿಸು ಎಂದರೆ ತುಳುವರ ಹೊಸ ವರ್ಷ; ಆ ಹಬ್ಬದ ಬೆಳಿಗ್ಗೆ ಲಾನಿನ ಮೇಲೆ ಕುರ್ಚಿ ಹಾಕಿ ಚಾ ಕುಡಿಯಬೇಕು, ಬದುಕಿನಲ್ಲಿ ಅವರಿಗೆ ಉಳಿದ ಆಸೆ ಇದೊಂದೇ.

ಈ ಸಲ ರಜೆಗೆ ನಾವು ಹೋದಾಗ ಅವರಿಗೆ ಸಹಾಯಕ್ಕೆ ಸಿಕ್ಕಿದ್ದು ನನ್ನ ಮಗಳು. ನಾಲ್ಕು ತುಂಬಿದರೂ ಅವಳ ಬಾಯಲ್ಲಿ ಎರಡೇ ಮಾತು: "ಅಮ್ಮ", "ಬೇಡ". ಮನೆ ಆಳಲು ಇಷ್ಟು ಸಾಕು, ಒಪ್ಪುತ್ತೇನೆ. ಆದರೆ ನೆಂಟರು "ಇನ್ನೂ ಮಾತು ಬರ್ಲಿಲ್ವಾ?" ಎಂದಾಗಲೆಲ್ಲ ನಾನು ಅವಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಮಣಿಪಾಲದ ಡಾಕ್ಟರು, "ಅವಳ ಜೊತೆ ಮಾತಾಡ್ತಾ ಇರಿ, ಬರ್ತದೆ" ಎಂದಿದ್ದರು. ಮಾತಾಡಲು ಮಾವನಿಗಿಂತ ಬೇಕೇ? ಅವರು ಬಾಯಿ ಮುಚ್ಚುವುದು ಪತ್ರೊಡೆ ಅಗಿಯುವಾಗ ಮಾತ್ರ, ಅದೂ ಸಂಶಯ!

ಇಬ್ಬರಿಗೂ ಕೆಲಸ ಕಳೆ ಕೀಳುವುದು. ಆದರೆ ಮಾವನಿಗೆ ಕೀಳಲು ಕೈ ಬಂದರೆ ತಾನೆ! "ಇದು ಒಂದೆಲಗ ಮಗಾ, ಚಟ್ನಿಗೆ ಬೇಕು, ಇರ್ಲಿ." "ಇದು ತುಂಬೆ, ದೇವರಿಗೆ." "ಇದು ನೆಲನೆಲ್ಲಿ, ಕಾಮಾಲೆಗೆ ಮದ್ದು." ಮನೆಯಲ್ಲಿ ಯಾರಿಗೆ ಕಾಮಾಲೆ? ಯಾರಿಗೂ ಇಲ್ಲ. ಆದರೂ ಇರಲಿ! ನಾಚಿಕೆಮುಳ್ಳನ್ನಾದರೂ ಕೀಳಿ ಎಂದು ಅತ್ತೆ ಬೊಬ್ಬೆ ಹಾಕಿದರೆ, "ಅದು ಮಕ್ಕಳಿಗೆ ಮುಟ್ಟಿ ಆಡ್ಲಿಕ್ಕೆ" ಎಂಬ ಉತ್ತರ. ಬೆಳಗಿನಿಂದ ಕೂತ ಅಜ್ಜ ಮೊಮ್ಮಗಳು ಒಂದು ಕಳೆಯನ್ನೂ ಕೀಳದೆ ಊಟಕ್ಕೆ ಏಳುತ್ತಿದ್ದರು. ಅವಳದು ಮಾತ್ರ ತುಟಿ ಪಿಟಕ್ಕೆನ್ನದ ವ್ರತ. ಅಷ್ಟು ಮಾತು ಕೇಳಿದ್ದರೆ ಗೋಡೆಯಾದರೂ ಒಮ್ಮೆ "ಹೂಂ" ಅನ್ನುತ್ತಿತ್ತು ಎಂದು ನಾನು ಕಿಟಕಿಯಲ್ಲಿ ನಿಂತು ಸಂಕಟಪಡುತ್ತಿದ್ದೆ.

ಬಿಸು ಹತ್ತಿರ ಬಂತೆಂದು ಮಾವ ಬಿಸಿಲಿಗೆ ಒಣಗಿದ ಹಳೆಯದನ್ನು ತೆಗೆಸಿ ಉಡುಪಿಯಿಂದ ಹೊಸ ಹುಲ್ಲು ತಂದರು. ಕಳೆಗಳಿಗೆ ನೋವಾಗದ ಹಾಗೆ ಅವುಗಳ ನಡುನಡುವೆ ಹಾಸಿದರು. ಹಬ್ಬದ ಮುನ್ನಾದಿನ ಮಧ್ಯಾಹ್ನ ಒಂದು ನಿದ್ದೆ ತೆಗೆದು ಹೊರಗೆ ಬಂದು ನೋಡುತ್ತಾರೆ, ಇನ್ನೂ ಬೇರು ಬಿಡದ ಹೊಸ ಹುಲ್ಲೆಲ್ಲ ಗೇಟಿನ ಬಳಿ ರಾಶಿ! ಬೋಳು ಮಣ್ಣಿನಲ್ಲಿ ಕಳೆಗಳು ಮಾತ್ರ ಠೀವಿಯಿಂದ ನಿಂತಿವೆ. ನಡುವೆ ಮೈಯೆಲ್ಲ ಮಣ್ಣಾದ ನನ್ನ ಮಗಳು.

"ಎಂತ ಮಾಡಿದ್ದು ನೀನು?" ಮಾವ ಗುಡುಗಿದ ಸದ್ದಿಗೆ ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದೆ.

ಅವಳು ಹೆದರಲಿಲ್ಲ. ಕಾಲಬುಡದ ಗಿಡಕ್ಕೆ ಬೆರಳು ತೋರಿಸಿದಳು.

"ಒಂದೆಲಗ. ಚಟ್ನಿಗೆ."

ಪಕ್ಕದ್ದಕ್ಕೆ ತೋರಿಸಿದಳು. "ತುಂಬೆ. ದೇವ್ರಿಗೆ."

ಆಮೇಲೆ ಗೇಟಿನ ಬಳಿಯ ರಾಶಿಯ ಕಡೆ ತಿರುಗಿ ಕೈ ಆಡಿಸಿದಳು. "ಅದು ಎಂತಕ್ಕೂ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ಹುಲ್ಲನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ಆಮೇಲೆ ಉಟ್ಟ ಬಿಳಿ ಮುಂಡಿನಲ್ಲೇ ಹಸಿ ಮಣ್ಣಿನ ಮೇಲೆ ಅವಳೆದುರು ಕೂತುಬಿಟ್ಟರು.

"ಹೌದು ಮಗಾ, ಎಂತಕ್ಕೂ ಇಲ್ಲ" ಎಂದರು. "ಇನ್ನೊಮ್ಮೆ ಹೇಳು."