ಮಾಸ್ತರ ಗಾಡಿಗಿಂತ ಜೋರು

ಬೈಲಹೊಂಗಲದಲ್ಲಿ ಪಂಪ್‌ಸೆಟ್ ರಿಪೇರಿ ಅಂದರೆ ನಾನು. ಸಂಗೊಳ್ಳಿ ಕಡೆಯ ರೈತರ ಎಷ್ಟೋ ಎಂಜಿನ್‌ಗಳು ನನ್ನ ಕೈಯಲ್ಲಿ ಪುನರ್ಜನ್ಮ ಪಡೆದಿವೆ. ಇಂಥವನ ಪಕ್ಕದ ಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ನೈಟ್ರೊ ಗಾಡಿ ತಂದಿಟ್ಟುಕೊಂಡರೆ ಹೇಗಾಗಬೇಡ!

ಮೊಳದುದ್ದದ ಗಾಡಿ, ಕೈಯಲ್ಲಿ ರಿಮೋಟು. ಬ್ಯಾಟರಿ ಆಟಿಕೆಯಲ್ಲ, ಒಳಗೆ ನೈಟ್ರೊ ಎಣ್ಣೆ ಕುಡಿಯುವ ಅಸಲಿ ಎಂಜಿನ್. ಪ್ರತಿ ಭಾನುವಾರ ಊರಾಚೆಯ ಬಯಲಲ್ಲಿ ಮಾಸ್ತರರು ಅದನ್ನು ಓಡಿಸುವರು, ಓಣಿಯವರೆಲ್ಲ ನೋಡುವರು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ದಿನ ನನ್ನ ಹೆಂಡತಿ ಸುಮಂಗಲಾ ಚಪ್ಪಾಳೆ ತಟ್ಟಿಬಿಟ್ಟಳು!

"ಮಾಸ್ತರ ಕೈಯಾಗ ಎಂಜಿನ್ ಹಾಡತೈತಿ ನೋಡ್ರಿ!"

ಮದುವೆಯಾದಾಗಿನಿಂದ ನನ್ನ ಒಂದು ಪಂಪ್‌ಸೆಟ್ಟಿಗೂ ಅವಳು ಚಪ್ಪಾಳೆ ತಟ್ಟಿರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ತಿಂಗಳೊಳಗೆ ನಾನೂ ಒಂದು ಗಾಡಿ ತರಿಸಿದೆ.

ಏಪ್ರಿಲ್ ತಿಂಗಳ ಬಿಸಿಲು. ಬಯಲಲ್ಲಿ ಮಾಸ್ತರರು ಪ್ರೀತಿಯಿಂದಲೇ ಹೇಳಿದರು: "ಈ ಸ್ಕ್ರೂ ಬಿಗಿ ಮಾಡಿದಂಗ ಎಣ್ಣಿ ಕಡಿಮಿ ಆಗತೈತ್ರಿ. ಗಾಡಿ ಜೋರ್ ಓಡತೈತಿ, ಆದ್ರ ಎಂಜಿನ್ ಕಾಯತೈತಿ. ಹಿಂದ ಹೊಗಿ ಕಾಣತಿರಬೇಕು, ಇಲ್ಲಂದ್ರ ಎಣ್ಣಿ ಸಾಲವಲ್ದು ಅಂತ. ಎಂಜಿನ್ ತಲಿ ಮ್ಯಾಲ ಒಂದ್ ಹನಿ ನೀರ್ ಬಿಡ್ರಿ. ಚುರ್ ಅಂತ ಒಮ್ಮೆಲೆ ಆರಿತಂದ್ರ ಬಂದ್ ಮಾಡಿಬಿಡ್ರಿ."

"ಎಂಜಿನ್ ಪಾಠ ನನಗ ಹೇಳ್ತೀರೇನ್ರಿ, ಮಾಸ್ತರ?" ಎಂದು ನಕ್ಕೆ.

ಎರಡೂ ಗಾಡಿ ಹೊರಟವು. ಅವರದು ಮುಂದೆ, ನನ್ನದು ಹಿಂದೆ. ಗಾಡಿಯನ್ನು ವಾಪಸು ತಂದು ಸ್ಕ್ರೂ ಸ್ವಲ್ಪ ಬಿಗಿದೆ. ಸಮ ಸಮ ಬಂದವು. ಸುಮಂಗಲಾ ಮಾತ್ರ ಇನ್ನೂ ಮಾಸ್ತರ ಗಾಡಿಯನ್ನೇ ನೋಡುತ್ತಿದ್ದಳು. ಮತ್ತೊಂದು ಸುತ್ತು ಬಿಗಿದೆ.

ನನ್ನ ಗಾಡಿ ಚೀರುತ್ತಾ ಮುಂದೆ ಹೋಯಿತು! ಮಾಸ್ತರರು ಹಿಂದೆ! ಇಂಥ ಸುಖ ನಾನು ಕಂಡಿರಲಿಲ್ಲ.

"ಹೊಗೀನ ಕಾಣವಲ್ತಲ್ರಿ!" ಎಂದು ಮಾಸ್ತರರು ಕೂಗಿದರು.

"ಹೊಟ್ಟಿಕಿಚ್ಚು ಮಾಡಬ್ಯಾಡ್ರಿ!" ಎಂದೆ. ಹೌದು, ನಾನೇ ಅವರಿಗೆ ಹೇಳಿದೆ.

ಮರುಕ್ಷಣವೇ ಗಾಡಿ 'ಕಟಕ್' ಎಂದು ನಿಂತಿತು. ಓಡಿಹೋಗಿ ಎಂಜಿನ್‌ಗೇ ಕೈಹಾಕಿ ಎತ್ತಿದೆ. ಕಾದ ಹಂಚು! ನಾಲ್ಕು ಬೆರಳು ಸುಟ್ಟವು. ಎಂಜಿನ್ ತಂಪು ಮಾಡಲು ನೀರು ಹುಡುಕಿದೆ. ಸಿಕ್ಕಿದ್ದು ಸುಮಂಗಲಾ ತಂದಿದ್ದ ಮಜ್ಜಿಗೆ. ಸುರಿದೆ. ಭುಸ್! ಒಗ್ಗರಣೆ ವಾಸನೆ ಬಯಲೆಲ್ಲ ಹರಡಿತು.

"ಏನ್ರೀ ಅದು! ಎಂಜಿನ್ನಿಗೆ ಉಣ್ಣಾಕ ಹಾಕಾಕತ್ತೀರೇನು?" ಎಂದಳು ಹೆಂಡತಿ. ಓಣಿ ಪೂರ್ತಿ ನಕ್ಕಿತು. ಮಾಸ್ತರರು ನಗಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ನನ್ನ ಬೆರಳಿಗೆ ಪಟ್ಟಿ, ಸ್ಪ್ಯಾನರ್ ಹಿಡಿಯುವಂತಿಲ್ಲ. ಮಾಸ್ತರರು ನನ್ನದೇ ಅಂಗಡಿಯಲ್ಲಿ, ನನ್ನದೇ ಸ್ಟೂಲಿನ ಮೇಲೆ ಕೂತು, ಹೊಸ ಪಿಸ್ಟನ್ ಹಾಕಿ ಸರಿಮಾಡಿದರು. ಎಂ.ಕೆ. ಹುಬ್ಬಳ್ಳಿಯಿಂದ ಮೋಟರ್ ತಂದ ರೈತನೊಬ್ಬ ಅವರನ್ನೇ ಕೇಳಿದ: "ಮಾಲಕ್ರ, ಇದನ್ನೊಂದೀಟು ನೋಡ್ರಿ."

ಮುಂದಿನ ಭಾನುವಾರವೂ ನನ್ನ ಪಟ್ಟಿ ಬಿಚ್ಚಿರಲಿಲ್ಲ. "ನಾ ಓಡಿಸ್ತೇನಿ ತಡೀರಿ," ಎಂದು ಸುಮಂಗಲಾ ರಿಮೋಟ್ ತಗೊಂಡಳು. ಮಾಸ್ತರರು ಹೇಳಿದಂತೆಯೇ ಸ್ಕ್ರೂ ಇಟ್ಟಳು, ಹೊಗೆ ನೋಡಿದಳು, ಹನಿ ನೀರು ಬಿಟ್ಟಳು. ಮೂರನೇ ಸುತ್ತಿಗೆ ಮಾಸ್ತರರನ್ನು ಹಿಂದೆ ಹಾಕಿದಳು! ಈಗ ಚಪ್ಪಾಳೆ ತಟ್ಟಿದ್ದು ಮಾಸ್ತರರು. ನನಗೋ ಹೊಟ್ಟೆಕಿಚ್ಚು ಪಡಲು ಒಬ್ಬರ ಜಾಗದಲ್ಲಿ ಇಬ್ಬರಾದರು.

ನನಗೂ ಒಂದು ಹುದ್ದೆ ಸಿಕ್ಕಿತು. ಮಗುಚಿದ ಗಾಡಿಗಳನ್ನು ಓಡಿಹೋಗಿ ಎತ್ತಿ ನಿಲ್ಲಿಸುವುದು. ಮಾಸ್ತರ ಗಾಡಿ ಬಿದ್ದಾಗ ಬೇಕೆಂದೇ ನಿಧಾನ ನಡೆದೆ.

"ಯಾಕ್ರೀ, ಮೊಣಕಾಲು ಹಿಡದಾವೇನು?" ಹಿಂದಿನಿಂದ ಸುಮಂಗಲಾ ಕೂಗಿದಳು. "ಲಗೂನ ಓಡ್ರಿ!"

ಓಡಿದೆ.